ಹೆಬ್ಬೆಟ್ಟು ಒತ್ತದ ಕೈಗಳು

ರಾಣೆಬೆನ್ನೂರಿನ ಅರ್ಧ ಊರು ಹತ್ತಿ ಮಿಲ್ಲಿನ ಭೋಂಗಾ ಕೂಗಿದಾಗ ಎದ್ದು, ಮತ್ತೆ ಕೂಗಿದಾಗ ಒಲೆ ಹೊತ್ತಿಸುತ್ತಿದ್ದ ದಿನಗಳವು. ಶಾಲೆ ಬಿಟ್ಟೊಡನೆ ನಾನು ಅವ್ವ ದುಡಿಯುತ್ತಿದ್ದ ಮಿಲ್ಲಿಗೆ ಓಡಿ, ಗೆಳತಿಯರೊಡನೆ ಅರಳೆಯ ರಾಶಿಯಲ್ಲಿ ಮುಳುಗೇಳುತ್ತಿದ್ದೆ. ಮೂಗಿನ ತುಂಬ ಹತ್ತಿಕಾಳಿನ ಜಿಡ್ಡು ವಾಸನೆ. ಅವ್ವ ಬುತ್ತಿಯಲ್ಲಿ ನನಗೆಂದು ಉಳಿಸುತ್ತಿದ್ದ ಅರ್ಧ ರೊಟ್ಟಿಗೂ ಅದೇ ವಾಸನೆ.

ಆ ಮಿಲ್ಲು ಮುಚ್ಚಿದ ಬಗೆಯನ್ನು ಊರವರು ಇಂದಿಗೂ ಹೀಗೆ ಹೇಳುತ್ತಾರೆ: ಸಾವುಕಾರರು ಹೆಣ್ಣಾಳುಗಳಿಗೆ ಮನೆಮಗಳಂತೆ ಉಡಿ ತುಂಬಿ, ತಾವಾಗಿಯೇ ಪರಿಹಾರ ಕೊಟ್ಟು ಕಳಿಸಿದರು. ಉಡಿ ತುಂಬಿದ್ದು ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಅಂದು ನಾನು ಅವ್ವನ ಪಕ್ಕದಲ್ಲೇ ನಿಂತಿದ್ದೆ.

ಕೊನೆಯ ದಿನ ಸಾವುಕಾರರ ಹೆಂಡತಿ ಕಚೇರಿಯ ಕಟ್ಟೆಯ ಮೇಲೆ ಕುಳಿತು ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟು ಒಬ್ಬೊಬ್ಬರಿಗೂ ಉಡಿ ತುಂಬುತ್ತಿದ್ದರು. ಪಕ್ಕದಲ್ಲೇ ಮಿಲ್ಲಿನ ಗುಮಾಸ್ತ, ಎಲ್ಲರ ಬಾಯಲ್ಲಿ ದಿವಾನಜಿ, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಮೊದಲನೆಯವಳಾದ ಗಂಗವ್ವ ಒತ್ತಿ ಹೋದಳು. ಮುಂದಿನ ಸರದಿ ಅವ್ವನದು. ಅವಳ ಹಿಂದೆ ನಿಂತಿದ್ದ ನಮ್ಮ ಓಣಿಯ ಮಾಬೂಬಿ ನಾಲ್ಕನೆಯ ಇಯತ್ತೆ ಕಲಿತವಳು. ಕೈಚಾಚಿ ಕಾಗದ ಎತ್ತಿಕೊಂಡಳು.

"ಉಡಿ ಮುಟ್ಟಿದ್ದಕ್ಕ ಗುರುತಬೇ, ಮತ್ತೇನಿಲ್ಲ," ಎಂದರು ದಿವಾನಜಿ.

"ಇಷ್ಟುದ್ದ ಗುರುತೇನ್ರಿ?" ಎನ್ನುತ್ತ ಆಕೆ ಓದಿ, ಅವ್ವನ ಕಡೆ ತಿರುಗಿದಳು. "ಯಕ್ಕಾ, ಮಿಲ್ಲ ಮುಚ್ಚಿಲ್ಲಂತ. ನಾವ ಬ್ಯಾಸತ್ತು ಕೆಲಸ ಬಿಟ್ಟೀವಂತ. ಇದಕ್ಕ ಒತ್ತಿದ್ರ, ಕಾಯದೆ ಪ್ರಕಾರ ವರ್ಷಕ್ಕ ಹದಿನೈದು ದಿನದ ಪಗಾರ ಬರೋದು ಖರೇನ ಹೋತು."

ಅವ್ವನದು ಹನ್ನೊಂದು ವರ್ಷದ ದುಡಿಮೆ. ಆದರೆ ತುಂಬಿದ ಉಡಿಯನ್ನು ಬೇಡವೆನ್ನಲು ಯಾವ ಹೆಣ್ಣುಮಗಳಿಗೂ ಬಾಯಿ ಬಾರದು. ಅವ್ವ ಎರಡೂ ಕೈಯಿಂದ ಸೆರಗೊಡ್ಡಿ ಉಡಿ ತುಂಬಿಸಿಕೊಂಡಳು. ದಿವಾನಜಿ ಮಸಿಯ ಡಬ್ಬಿ ಮುಂದೆ ಸರಿಸಿದರು.

"ಎರಡೂ ಕೈಯಾಗ ಉಡಿ ಐತ್ರಿ. ನೆಲಕ್ಕ ಚೆಲ್ಲಬಾರದು. ಹೆಂಗ ಒತ್ತಲಿ?" ಎಂದ ಅವ್ವ ಹಾಗೆಯೇ ಗೇಟು ದಾಟಿದಳು.

ಮಾಬೂಬಿಯೂ ಹಾಗೆಯೇ ಬಂದಳು. "ಕಾಲಿನ ಹೆಬ್ಬಟ್ಟ ನಡೀತೈತೇನ್ರಿ ದಿವಾನಜಿ?" ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ಅವಳ ಹಿಂದಿನವರೆಲ್ಲ ಸೆರಗು ಹಿಡಿದೇ ಹೊರಬಂದರು. ಸಾವುಕಾರರ ಹೆಂಡತಿ ತಲೆಯೆತ್ತದೆ ಉಡಿ ತುಂಬುತ್ತಲೇ ಇದ್ದರು. ಅವರಿಗೆ ಏನು ಗೊತ್ತಿತ್ತೋ ನಾನು ಹೇಳಲಾರೆ.

ಪರಿಹಾರಕ್ಕಾಗಿ ಹೆಂಗಸರು ಆರು ತಿಂಗಳು ಕಾರ್ಮಿಕ ಅಧಿಕಾರಿಯ ಕಚೇರಿಗೆ ಅಲೆದರು. ನಡುವೆ ಕೆಲಸ ಹುಡುಕುತ್ತ ಎಲ್ಲರೂ ಒಂದೇ ಬಸ್ಸಿಗೆ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದರು. ಉರಿಯುವ ಬೆರಳು ತಾಗದಂತೆ ಅವ್ವ ನನ್ನ ಕೆನ್ನೆಯನ್ನು ಮೊಣಕೈಯಿಂದ ಸವರುತ್ತಿದ್ದಳು. ಕೊನೆಗೆ ಹಣ ಬಂದಿತು. ಹೆಬ್ಬೆಟ್ಟು ಒತ್ತಿದ್ದ ಗಂಗವ್ವನಿಗೆ ಏನೂ ಇರಲಿಲ್ಲ. ಉಳಿದವರು ತಮ್ಮ ತಮ್ಮ ಪಾಲಿನಿಂದ ತೆಗೆದು ಅವಳಿಗೂ ಒಂದು ಪಾಲು ಮಾಡಿದರು. ಬೀಜದ ಗೋದಾಮಿನಲ್ಲಿ ಅವ್ವನಿಗೆ ಕೆಲಸ ಸಿಗುವವರೆಗೆ ಆ ಹಣವೇ ನಮ್ಮನ್ನು ಸಾಕಿತು. ನಾನು ಇಂದಿಗೂ ನೆನೆಯುವ ಉಪಕಾರ ಸಾವುಕಾರರದಲ್ಲ, ಆ ಹೆಂಗಸರದು.

ಹೋದ ವರ್ಷ ಹಾವೇರಿಯಲ್ಲಿ ನನ್ನ ಮೊಮ್ಮಗಳು ದುಡಿಯುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿತು. ಕಾಯಿದೆಯನ್ನು ಅವಳು ಮೊಬೈಲಿನಲ್ಲೇ ಓದಿಕೊಂಡಿದ್ದಳು. ಪರಿಹಾರ ನೇರ ಬ್ಯಾಂಕಿಗೆ ಬಂದಿತು. ಅದು ಸಂತೋಷದ ಮಾತೇ.

"ನಿನ್ನ ಜೋಡಿ ಇದ್ದವರಿಗೂ ಬಂತೇನವಾ?" ಎಂದು ಕೇಳಿದೆ.

"ಗೊತ್ತಿಲ್ಲಜ್ಜಿ," ಎಂದಳು. "ಬಾಜೂ ಮಷಿನ್‌ದಾಕಿ ಯಾವೂರಾಕಿ ಅನ್ನೋದೂ ನಾ ಕೇಳಿಲ್ಲ."