ಹೆಸರಿನ ಮೇಲಿನ ಚೀಟಿ

ಮಾದರಿ ವಿಮಾನ ಕಟ್ಟುವ ಹುಚ್ಚರಿಗೆ ಬಿಡಿಭಾಗ, ಬಣ್ಣ, ಅಂಟು ಮಾರುವ ಅಂಗಡಿಯವರದು ನಮ್ಮ ಸಂಘ. ಅದಕ್ಕೆ ಇಪ್ಪತ್ತು ವರ್ಷದಿಂದ ಅಂಟಣ್ಣನೇ ಅಧ್ಯಕ್ಷರು. ಬೆರಳಲ್ಲಿ ಸದಾ ಒಣಗಿದ ಅಂಟು, ಅದಕ್ಕೇ ಆ ಹೆಸರು. ಮುಖ ನೋಡಿ ಮಣೆ ಹಾಕುವುದು ಅವರಿಗಾಗದು. ಯಾರ ಮೇಲೆ ದೂರು ಬಂದರೂ ಅಂಗಡಿಯ ಹೆಸರಿನ ಮೇಲೆ ಚೀಟಿ ಅಂಟಿಸಿಯೇ ಸಭೆಗೆ ತರುತ್ತಿದ್ದರು. ಮೊದಲು ತೀರ್ಪು, ಆಮೇಲೆ ಹೆಸರು.

ಅಂದಿನ ದೂರನ್ನೂ ಅವರೇ ಓದಿದರು. ಅಂಟಿನ ಡಬ್ಬಿಯ ಮೇಲಿದ್ದ 'ಮಕ್ಕಳಿಗೆ ಮಾರಬಾರದು' ಎಂಬ ಎಚ್ಚರಿಕೆಯ ಮೇಲೆಯೇ ಅಂಗಡಿಯವರು ಬೆಲೆಯ ಸ್ಟಿಕ್ಕರ್ ಮೆತ್ತಿದ್ದರು. ಅದನ್ನು ಕೊಂಡ ಹತ್ತು ವರ್ಷದ ಹುಡುಗಿ ಘಾಟಿಗೆ ಎಚ್ಚರ ತಪ್ಪಿದ್ದಳು.

ನನಗೆ ಮೈಯೆಲ್ಲ ಉರಿಯಿತು. "ಇಂಥೋರನ್ನ ಸಂಘದಿಂದ ಒದ್ದು ಓಡಿಸ್ಬೇಕು!" ಎಂದು ಕೈ ಎತ್ತಿದೆ. ಎಲ್ಲರ ಕೈಗಳೂ ಎದ್ದವು.

ಅಂಟಣ್ಣ ಉಗುರಿನಿಂದ ಚೀಟಿ ಕಿತ್ತರು. ಅವರದೇ ಅಂಗಡಿ!

ನಾನು ಎದ್ದು ನಿಂತೆ. "ಏನಣ್ಣ ಇದು? ದೂರು ಕೊಟ್ಟೋರು ಯಾರು?"

"ನಾನೇ ಕಣೋ. ಹುಡುಗಿ ಈಗ ಹುಷಾರಾಗಿದ್ದಾಳೆ. ಹೆಸರು ಕಂಡಿದ್ರೆ ನೀನು ಕೈ ಎತ್ತುತಿದ್ಯಾ?"

ಸಂಘದ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟೇಬಿಟ್ಟರು.

ನಾನು ನೆಟ್ಟಗೆ ನನ್ನ ಅಂಗಡಿಗೆ ಓಡಿದೆ. ಕೈಗೆ ಸಿಕ್ಕಿದ ಮೊದಲ ಅಂಟಿನ ಡಬ್ಬಿಯ ಸ್ಟಿಕ್ಕರ್ ಕೆರೆದೆ. ಕೆಳಗೆ ಅದೇ ಎಚ್ಚರಿಕೆ ಇತ್ತು.