ಮಾವ ಮುಚ್ಚಿದ ತೂತು

ಬೂತಾಯಿ ಮೀನು ಶುಚಿ ಮಾಡುತ್ತಿರುವಾಗ ಫೋನ್ ಬಂದರೆ ನೀವು ಹೇಗೆ ಎತ್ತುತ್ತೀರಿ? ನಾನು ಮೊಣಕೈಯಿಂದ ಎತ್ತುತ್ತೇನೆ. ಸ್ಪೀಕರ್ ಮಾತ್ರ ಮೂಗಿನ ತುದಿಯಿಂದ ಒತ್ತಬೇಕಾಗುತ್ತದೆ. (ನಗಬೇಡಿ. ಎರಡೂ ಕೈಗೆ ಮೀನಿನ ಹುರುಪೆ ಮೆತ್ತಿಕೊಂಡವರಿಗೆ ನನ್ನ ಕಷ್ಟ ಗೊತ್ತು.)

ಕಳೆದ ಬುಧವಾರ ಮಧ್ಯಾಹ್ನ ಹಾಗೆ ಎತ್ತಿದ ಫೋನಿನಲ್ಲಿ ಲಿಗೋರಿ ಮಾಸ್ಟ್ರು. ಡ್ರಾಯಿಂಗ್ ಮಾಸ್ಟ್ರಾಗಿ ನಿವೃತ್ತರಾದವರು. ಈಗ ಮಂಗಳೂರಿನ ಬಲ್ಮಠದ ಆರ್ಟ್ ಗ್ಯಾಲರಿಯನ್ನು ನೋಡಿಕೊಳ್ಳುತ್ತಾರೆ. ನನ್ನ ಮಾವ, ಅಂದರೆ ಗಂಡನ ಅಪ್ಪ, ಅವತ್ತು ಬೆಳಗ್ಗೆಯೇ ಅಲ್ಲಿಗೆ ಹೋಗಿದ್ದರು. ಅವರ ಸ್ವರ ಯಾಕೋ ಸಣ್ಣಗಾಗಿತ್ತು.

"ಅಕ್ಕಾ, ನೀವು ಒಮ್ಮೆ ಬರ್ಬೇಕಿತ್ತು. ಈಗಲೇ."

"ಎಂತಾಯ್ತು ಮಾಸ್ಟ್ರೇ? ಮಾವ ಬಿದ್ರಾ?"

"ಬೀಳ್ಲಿಲ್ಲ. ಜನ ಗಟ್ಟಿ ಉಂಟು. ಆದ್ರೆ ಒಂದು ಕೆಲಸ ಮಾಡಿಟ್ಟಿದ್ದಾರೆ. ಹುಡುಗಿ ಅಳ್ತಾ ಕೂತಿದ್ದಾಳೆ. ಸಂಜೆ ಐದೂವರೆಗೆ ಉದ್ಘಾಟನೆ. ನನಗೆ ತಲೆಯೇ ಓಡುದಿಲ್ಲ."

ಅರ್ಧ ಆದ ಮೀನಿಗೆ ಉಪ್ಪು ಸವರಿ ಫ್ರಿಜ್ಜಿನಲ್ಲಿಟ್ಟೆ. ಲಿಂಬೆಹುಳಿ ಹಾಕಿ ಕೈ ತೊಳೆದೆ. ದೇವರ ಫೋಟೋದ ಎದುರು ಒಂದು ಕ್ಷಣ ನಿಂತೆ. ಹೊರಟೆ.

ನನ್ನಂಥವಳಿಗೂ ಆರ್ಟ್ ಗ್ಯಾಲರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸತ್ಯವನ್ನೇ ಹೇಳುತ್ತೇನೆ. ಬಾತ್‌ರೂಮ್.

ಹಂಪನಕಟ್ಟೆಯಿಂದ ಬಲ್ಮಠದವರೆಗೆ ಬಿಸಿಲಲ್ಲಿ ಶಾಪಿಂಗ್ ಮಾಡುವ ಹೆಂಗಸಿಗೆ ಒಂದು ಶುಚಿಯಾದ ಬಾತ್‌ರೂಮ್ ಸಿಗುವುದೆಂದರೆ ಅದು ದೇವರ ದಯೆಯೇ. ಹೋಟೆಲಿನಲ್ಲಾದರೆ ಬೇಡದ ಚಾ ಕುಡಿಯಬೇಕು. ಗ್ಯಾಲರಿಗೆ ಟಿಕೆಟಿಲ್ಲ, ಬೋಲ್ಟು ಸರಿಯಾಗಿದೆ, ನಲ್ಲಿಯಲ್ಲಿ ನೀರು ಬರುತ್ತದೆ. ಮೊದಲ ಸಲ ಒಳಗೆ ಹೋದದ್ದು ಅದಕ್ಕಾಗಿಯೇ. ಹೊರಗೆ ಬರುವಾಗ ನಾಚಿಕೆಯಾಯಿತು. ಉಚಿತವಾಗಿ ಉಪಯೋಗಿಸಿ ಹಾಗೆಯೇ ಹೋಗುವುದೇ? ನಾಲ್ಕು ಚಿತ್ರ ನೋಡಿದೆ. ಮುಂದಿನ ಸಲ ಎಂಟು ನೋಡಿದೆ. ಸಮಕಾಲೀನ ಕಲೆಗೂ ನನಗೂ ಸಂಬಂಧ ಬೆಳೆದದ್ದು ಹೀಗೆ.

ಅರ್ಥವಾಗುತ್ತದೆಯೇ? ಅರ್ಧದಷ್ಟು ಆಗುವುದಿಲ್ಲ. ದೇವಸ್ಥಾನದಲ್ಲಿ ಭಟ್ಟರು ಹೇಳುವ ಮಂತ್ರವೂ ನನಗೆ ಅರ್ಧ ಅರ್ಥವಾಗುವುದಿಲ್ಲ. ನಿಂತು ಬರುತ್ತೇನೆ, ಮನಸ್ಸು ತಣ್ಣಗಾಗುತ್ತದೆ. ಅಷ್ಟು ಸಾಲದೇ?

ಆ ಕಟ್ಟಡದ ಕತೆ ಮಾಸ್ಟ್ರೇ ಹೇಳಿದ್ದು. ಹಳ್ಳಿಯಲ್ಲಿ ದೊಡ್ಡ ಜಮೀನಿದ್ದ ಶೆಟ್ಟರ ಮನೆತನವೊಂದು ಅದನ್ನು ಕಟ್ಟಿಸಿತ್ತು. ವಾಸಕ್ಕಲ್ಲ, ಕೋರ್ಟು ಕೇಸಿಗೆ! ಮಂಗಳೂರಿನಲ್ಲಿ ವಿಚಾರಣೆ ಇದ್ದಾಗಲೆಲ್ಲ ಯಜಮಾನರು, ಗುಮಾಸ್ತರು, ಅಡುಗೆಯವರು ಬಂದು ಇಳಿದುಕೊಳ್ಳುತ್ತಿದ್ದರಂತೆ. ಆಮೇಲೆ ಜಮೀನು ಉಳುವವರ ಕೈಗೆ ಹೋಯಿತು. ಕೇಸುಗಳು ಮುಗಿದವು. ಮನೆಗೆ ಕೆಲಸವಿಲ್ಲದಂತಾಗಿ ಬಾಗಿಲಿಗೆ ಬೀಗ ಬಿತ್ತು.

ಅದೇ ಕಾಲಕ್ಕೆ ನಮ್ಮೂರಿನ ಕಲಾವಿದರು ಹಂಪನಕಟ್ಟೆಯ ಒಂದು ಹಾಲಿನಲ್ಲಿ ಚಿತ್ರ ತೂಗುಹಾಕುತ್ತಿದ್ದರು. ಅದೂ ಹಾಲ್ ಖಾಲಿ ಇದ್ದರೆ. ಮದುವೆ ರಿಸೆಪ್ಷನ್ ಬುಕ್ ಆಯಿತೋ, ಮಧ್ಯಾಹ್ನವೇ ಚಿತ್ರ ಇಳಿಸಬೇಕು. ಒಮ್ಮೆ ಮಾಸ್ಟ್ರು ಇಳಿಸಿಟ್ಟಿದ್ದ ಚಿತ್ರವನ್ನು ಮದುಮಗಳ ಕಡೆಯವರು ಉಡುಗೊರೆ ಎಂದುಕೊಂಡು ಕಾರಿನಲ್ಲಿ ಹಾಕಿಕೊಂಡು ಹೋದರಂತೆ.

"ಈಗಲೂ ಅದು ಯಾರದ್ದೋ ಹಾಲಿನಲ್ಲಿ ಉಂಟು ಅಕ್ಕಾ," ಎನ್ನುತ್ತಾರೆ ಮಾಸ್ಟ್ರು. "ನನ್ನ ಅತಿ ಉದ್ದದ ಎಕ್ಸಿಬಿಷನ್ ಅದೇ."

ಈ ಅವಸ್ಥೆ ನೋಡಿ ಶೆಟ್ಟರ ಮೊಮ್ಮಗಳು ಬೀಗದ ಕೈ ಕೊಟ್ಟರು. ಕೋರ್ಟಿನ ಕಡತ ಕಟ್ಟಿಡುತ್ತಿದ್ದ ಕೋಣೆಯಲ್ಲಿ ಈಗ ಭಾನುವಾರ ಮಕ್ಕಳು ಬಣ್ಣ ಚೆಲ್ಲುತ್ತಾರೆ. ಮುಂದಿನ ದೊಡ್ಡ ಚಾವಡಿಯಲ್ಲಿ ಪ್ರದರ್ಶನ. ಕಾಲೇಜಿನವರು, ಬಸ್ ತಪ್ಪಿದವರು, ನನ್ನ ಹಾಗೆ ಬೇರೆ ಕಾರಣಕ್ಕೆ ಬಂದವರು, ಎಲ್ಲರೂ ಅದೇ ಮುಂಬಾಗಿಲಿನಿಂದ ಒಳಗೆ ಬರುತ್ತಾರೆ.

ಇದನ್ನು ಸುಮ್ಮನೆ ಹೇಳಿದ್ದಲ್ಲ. ನಮ್ಮದು ಕಡಲಿಗೆ ಹೋಗಿ ಮೀನು ಹಿಡಿಯುವವರ ಮನೆ. ತೀರಿಹೋದ ನನ್ನ ಅತ್ತೆ ಮೀನಿನ ಬುಟ್ಟಿ ಹೊತ್ತು ಆ ಬಂಗ್ಲೆಗೆ ಹೋಗುತ್ತಿದ್ದವರು. ಬುಟ್ಟಿ ಇಳಿಸುತ್ತಿದ್ದದ್ದು ಹಿಂಬಾಗಿಲಿನಲ್ಲಿ. ಮುಂದಿನ ಚಾವಡಿಗೆ ಎಷ್ಟು ಕಂಬ ಎಂದು ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ.

ಇನ್ನು ಬಲೆಯ ವಿಷಯ.

ಹದಿನೈದು ದಿನದ ಹಿಂದೆ ಮಾಸ್ಟ್ರು ಕೇಳಿದ್ದರು: "ಒಂದು ಹುಡುಗಿಯ ಮೊದಲ ಎಕ್ಸಿಬಿಷನ್ ಉಂಟು. ಹಳೆಯ ಬಲೆಯೊಂದನ್ನು ಗೋಡೆಯ ಎದುರು ಕಟ್ಟಬೇಕು. ನಾವು ಕಟ್ಟಿದ್ರೆ ಒಗೆದ ಬೆಡ್‌ಶೀಟಿನ ಹಾಗೆ ಕಾಣ್ತದೆ. ನಿಮ್ಮ ಮಾವ ಬರ್ತಾರಾ?"

ಮಾವನಿಗೆ ಎಂಬತ್ತರ ಹತ್ತಿರ. ಮಂಡಿ ನೋವಿನಿಂದ ಕಡಲಿಗೆ ಹೋಗುವುದು ನಿಂತು ವರ್ಷಗಳಾದವು. ಯಾರಾದರೂ ತನ್ನನ್ನು ಕೆಲಸಕ್ಕೆ ಕರೆದರು ಎಂಬ ಖುಷಿಗೆ ಅವರು ಬುಧವಾರ ಬೆಳಗ್ಗೆ ಆರಕ್ಕೇ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದರು. ಕಿಸೆಯಲ್ಲಿ ಬಲೆ ನೇಯುವ ಸೂಜಿ, ನೂಲು, ಸಣ್ಣ ಕತ್ತರಿ. ವೈದ್ಯರು ಸ್ಟೆತಸ್ಕೋಪ್ ಬಿಟ್ಟು ಹೊರಡುತ್ತಾರೆಯೇ?

ಆ ಹುಡುಗಿ ನಮಿತಾ. ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲಿನ ಚಿತ್ರ ಡಿಸೈನ್ ಮಾಡುವ ಕೆಲಸ. ಅರ್ಧ ದಿನದ ರಜೆ ಹಾಕಿ ಮಧ್ಯಾಹ್ನ ಬರುವವಳಿದ್ದಳು. ಮಾಸ್ಟ್ರು ಮಾವನಿಗೆ ಬಾಗಿಲು ತೆರೆದುಕೊಟ್ಟು, ಬಲೆ ಮತ್ತು ಕೊಕ್ಕೆ ತೋರಿಸಿ, ಚಿತ್ರಗಳ ಹೆಸರಿನ ಕಾರ್ಡ್ ತರಲು ಪ್ರೆಸ್ಸಿಗೆ ಹೋದರು. ಬಲೆಯ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ದೊಡ್ಡ ತೂತು ಇತ್ತು. ಅದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬೇಕೆಂದು ಮಾಸ್ಟ್ರಿಗೂ ಹೊಳೆದಿರಲಿಲ್ಲ.

ನಮ್ಮ ಮನೆಯಲ್ಲಿ ಹರಿದ ಬಲೆಯನ್ನು ಹಾಗೆಯೇ ತೂಗುಹಾಕುವ ಕ್ರಮವೇ ಇಲ್ಲ. ಹಸಿವಾದರೂ ಸರಿ, ಬಲೆ ಸರಿ ಮಾಡಿಯೇ ಊಟ. ಮಾವ ಅದನ್ನು ಚಾವಡಿಯ ನೆಲದಲ್ಲಿ ಹರಡಿ, ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಮೂರು ಗಂಟೆ ಕೂತು, ಒಂದೊಂದೇ ಕಣ್ಣು ನೇಯ್ದು ತೂತನ್ನು ಮುಚ್ಚಿದ್ದರು. ಆಮೇಲೆ ಚೆಂದಕ್ಕೆ ಕಟ್ಟಿ, ಅದರ ಕೆಳಗೆ ಶಭಾಸ್‌ಗಿರಿಗಾಗಿ ಕಾಯುತ್ತಾ ಕೂತಿದ್ದರು.

ನಾನು ಹೋದಾಗ ನಮಿತಾ ನೆಲದ ಮೇಲೆ ಗೋಡೆಗೆ ಒರಗಿದ್ದಳು. ಮಾವ ಬೆಂಚಿನಲ್ಲಿ ಕೈ ಕಟ್ಟಿ ಕೂತಿದ್ದರು. ಮುಖ ಕೆಂಪು.

"ಬಂದ್ಯಾ? ನೀನೇ ಹೇಳು," ಎಂದರು. (ಅವರು ಮಾತಾಡುವುದು ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.) "ಬಲೆ ಸರಿ ಮಾಡಿದ್ದು ತಪ್ಪಾ? ಈ ಹುಡುಗಿಗೆ ತೂತು ಬೇಕಂತೆ ಮಾರಾಯ್ತಿ! ತೂತು ಬೇಕು ಅಂತ ಹೇಳಿದವರನ್ನು ನಾನು ಇವತ್ತೇ ನೋಡಿದ್ದು."

"ಮಾವ, ಸ್ವಲ್ಪ ಮೆಲ್ಲ."

"ಮೆಲ್ಲ ಎಂತದ್ದು? ಆ ಗಂಟು ಎಳೆದು ನೋಡು. ತಿಮಿಂಗಿಲ ಬಿದ್ರೂ ಬಿಚ್ಚುದಿಲ್ಲ."

"ಅದೇ ಅಜ್ಜಾ ಕಷ್ಟ," ಎಂದಳು ನಮಿತಾ. ಕಣ್ಣು ಒರೆಸಿಕೊಂಡಳು. "ಅದು ನನ್ನ ಅಪ್ಪನ ಬಲೆ."

ಅವಳು ಹೇಳಿದ್ದು ನಾಲ್ಕೇ ಮಾತು. ಅವಳಿಗೆ ಆಗ ನಾಲ್ಕು ವರ್ಷ. ನಡುಕಡಲಲ್ಲಿ ಬೋಟಿನ ಅಡಿಯ ಫ್ಯಾನಿಗೆ ಬಲೆ ಸುತ್ತಿಕೊಂಡಿತು. ಬಿಡಿಸಲು ಅಪ್ಪ ಕತ್ತಿ ಹಿಡಿದು ನೀರಿಗೆ ಇಳಿದರು. ಬಲೆ ಕಡಿದರು. ಬೋಟು ಬಿಡಿಸಿಕೊಂಡಿತು. ಬಲೆ ಮೇಲೆ ಬಂತು. ಅಪ್ಪ ಬರಲಿಲ್ಲ.

"ಅಪ್ಪ ಕಡೆಗೆ ಮಾಡಿದ ಕೆಲಸ ಅದು," ಎಂದಳು. "ಆ ತೂತು."

ಮಾವ ಕಟ್ಟಿದ್ದ ಕೈ ಬಿಟ್ಟರು. ಕನ್ನಡಕ ತೆಗೆದರು. ಕ್ಷಮಿಸು ಎನ್ನುವ ಪದ ಅವರ ಬಾಯಲ್ಲಿ ನಾನು ಕೇಳಿಲ್ಲ, ಅವತ್ತೂ ಕೇಳಲಿಲ್ಲ.

"ಬಿಚ್ತೇನೆ," ಎಂದರು.

ಆದರೆ ಅಷ್ಟಕ್ಕೆ ಮುಗಿಯುವಂತಿರಲಿಲ್ಲ. ಬಲೆ ಸರಿ ಮಾಡುವವರು ಮೊದಲು ತೂತಿನ ಅಂಚಿನಲ್ಲಿ ಜೋತುಬಿದ್ದ ತುದಿಗಳನ್ನು ಕತ್ತರಿಸುತ್ತಾರೆ. ಹಾಗೆ ಮಾಡದಿದ್ದರೆ ಹೊಸ ಗಂಟು ಕೂರುವುದಿಲ್ಲ. ಮಾವನೂ ಕತ್ತರಿಸಿದ್ದರು. ಅಂದರೆ ಗಂಟು ಬಿಚ್ಚಿದರೆ ತೂತು ಸಿಗುತ್ತದೆ. ಅವಳ ಅಪ್ಪನ ಕತ್ತಿ ತಾಗಿದ ಅಂಚು ಸಿಗುವುದಿಲ್ಲ. ನನಗೆ ಅರ್ಥವಾಯಿತು. ಅವಳಿಗೂ ಆಯಿತು. ಮತ್ತೆ ಮುಖ ಮುಚ್ಚಿಕೊಂಡಳು.

"ಕಸಬುಟ್ಟಿ ನೋಡಿದ್ರಾ ಮಾಸ್ಟ್ರೇ?" ಎಂದು ಕೇಳಿದೆ.

"ಕಸಬುಟ್ಟಿ ಯಾಕೆ?" ಎಂದು ಮಾವ ಅಂಗಿಯ ಕಿಸೆಗೆ ಕೈ ಹಾಕಿದರು. ಕಂದು ಬಣ್ಣದ ಒಂದು ಹಿಡಿ ನೂಲಿನ ತುಂಡುಗಳು. ಮನೆಯಲ್ಲಿ ನೂಲಿನ ಚೂರು ಗುಡಿಸಿ ಗುಡಿಸಿ ಸಾಕಾಗಿ ನಾನು ಅವರಿಗೆ ಎಷ್ಟು ಬೈದಿದ್ದೇನೆಂದರೆ, ಅವರೀಗ ಎಲ್ಲಿ ಕತ್ತರಿಸಿದರೂ ಕಿಸೆಗೇ ಹಾಕುತ್ತಾರೆ. ನನ್ನ ಬೈಗುಳಕ್ಕೂ ದೇವರು ಒಂದು ಫಲ ಇಟ್ಟಿದ್ದ.

ಅವರು ತುಂಡುಗಳನ್ನು ಬೆಂಚಿನ ಮೇಲೆ ಒಂದೊಂದಾಗಿ ಸಾಲಾಗಿ ಇಟ್ಟರು. ಒಂದನ್ನು ಕಣ್ಣಿನ ಹತ್ತಿರ ಹಿಡಿದರು.

"ಅಂಚು ತೆಗೆಯುವಾಗಲೇ ನೋಡಿದ್ದೆ. ಇದು ಹರಿದದ್ದಲ್ಲ, ಕಡಿದದ್ದು. ಕೆಳಗಿನಿಂದ ಮೇಲೆ ಎಳೆದು ಕಡಿದದ್ದು. ಯಾವನೋ ಎಡಗೈಯವ ಅಂತ ಅನಿಸಿತ್ತು."

ನಮಿತಾ ತಲೆ ಎತ್ತಿದಳು. "ಎಂತ ಹೇಳಿದ್ರಿ?"

"ಎಡಗೈ. ನೋಡು, ಎಲ್ಲ ಓರೆ ಈ ಕಡೆಗೇ ಉಂಟು. ಬಲಗೈಯವ ಕಡಿದ್ರೆ ಆಚೆ ಕಡೆ ಬೀಳ್ತಿತ್ತು."

ಹಾಗೆ ಗೊತ್ತಾಗುತ್ತದೆಯೇ? ನನಗೆ ತಿಳಿಯದು. ನಾನು ಮೀನು ಕೊಯ್ಯುವವಳು, ಬಲೆ ಓದುವವಳಲ್ಲ. ಆದರೆ ಆ ಹುಡುಗಿ ಎದ್ದು ಬೆಂಚಿನ ಹತ್ತಿರ ಬಂದಳು.

"ನಾನೂ ಎಡಗೈ ಅಜ್ಜಾ," ಎಂದಳು. "ನಮ್ಮಲ್ಲಿ ಬೇರೆ ಯಾರೂ ಹಾಗೆ ಇಲ್ಲ. ಎಡಗೈಯಲ್ಲಿ ಪೆನ್ಸಿಲ್ ಹಿಡಿದ್ರೆ ಅಮ್ಮ ಹೊಡೀತಿದ್ರು. ನಾನು ಯಾರ ಹಾಗೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಅಲ್ಲಿಯೇ ಅಮ್ಮನಿಗೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಕುಕ್ಕರಿನ ಸೀಟಿ ಕೇಳಿತು.

"ಅಮ್ಮಾ, ಅಪ್ಪ ಎಡಗೈಯವರಾ?"

ಇನ್ನೊಂದು ಸೀಟಿ ಆಯಿತು.

"ಊಟ ಬಲಗೈ," ಎಂದರು ಅಮ್ಮ. "ಮತ್ತೆಲ್ಲ ಎಡ. ಈಗ ಯಾಕೆ ಅದು?"

"ನೀವು ಒಮ್ಮೆಯೂ ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ."

"ಮತ್ತೆ ನನಗೆ ಹೊಡೆದದ್ದು?"

"ಅದನ್ನೆಲ್ಲ ಫೋನಿನಲ್ಲಿ ಕೇಳ್ಬೇಡ ನಮಿತಾ. ಮನೆಗೆ ಬಾ," ಎಂದರು. ನಮಿತಾ ಫೋನ್ ಕೆಳಗಿಟ್ಟಳು.

ಮಾಸ್ಟ್ರು ಕರವಸ್ತ್ರ ಹುಡುಕುತ್ತಾ ಹೊರಗೆ ಹೋದರು. ಮಾವ ಮಾತ್ರ ಬಲೆ ಇಳಿಸಲು ಶುರು ಮಾಡಿದ್ದರು.

"ಹೊತ್ತಾಯ್ತು. ಆಚೆ ತುದಿ ಹಿಡ್ಕೊ," ಎಂದರು ನನಗೆ.

ಗಂಟು ಹಾಕುವುದಕ್ಕಿಂತ ಬಿಚ್ಚುವುದು ಕಷ್ಟ ಎಂದು ಅವತ್ತು ಕಣ್ಣಾರೆ ಕಂಡೆ. ಕಡಲು ಎಳೆದರೂ ಬಿಡದಂತೆ ಹಾಕಿದ ಗಂಟುಗಳವು. ಹಳೆಯ ನೂಲಿಗೆ ತಾಗೀತು ಎಂದು ಕತ್ತರಿ ಮುಟ್ಟಲು ಮಾವ ಒಪ್ಪಲಿಲ್ಲ. ಸೂಜಿಯ ತುದಿ ತೂರಿಸಿ, ಸಡಿಲಿಸಿ, ಎಳೆದು, ಒಂದಾದ ಮೇಲೊಂದು. ಜೀವಮಾನವಿಡೀ ತೂತು ಮುಚ್ಚಿದ ಕೈ ಮೊದಲ ಸಲ ತೂತು ಮಾಡುತ್ತಿತ್ತು. ನಡುನಡುವೆ "ಎಷ್ಟು ಗಟ್ಟಿ ಹಾಕಿದ್ದೆ ನೋಡು" ಎಂದು ತನ್ನನ್ನೇ ಹೊಗಳಿಕೊಳ್ಳುವುದನ್ನೂ ಬಿಡಲಿಲ್ಲ. ನಮಿತಾ ಪಕ್ಕದಲ್ಲಿ ಕೂತು ನೋಡಿದಳು. ಆಮೇಲೆ ತಾನೂ ಒಂದು ಸೂಜಿ ಕೇಳಿ, ಎಡಗೈಯಲ್ಲಿ ಹಿಡಿದು, ಬಿಚ್ಚಲು ಕೂತಳು.

"ಕೈ ಒಳ್ಳೇದುಂಟು," ಎಂದರು ಮಾವ. ಅವರಿಂದ ಅಷ್ಟು ಬರುವುದೇ ದೊಡ್ಡದು.

ಐದು ಗಂಟೆಗೆ ಬಲೆ ಮತ್ತೆ ಮೇಲೇರಿತು. ಕಂದು ತುಂಡುಗಳನ್ನು ಅವಳು ಒಂದು ಆಮಂತ್ರಣದ ಕವರಿನಲ್ಲಿ ಹಾಕಿ ಬ್ಯಾಗಿನಲ್ಲಿಟ್ಟುಕೊಂಡಳು. ಅವುಗಳನ್ನೂ ತೂಗುಹಾಕೋಣವೇ ಎಂದು ಮಾಸ್ಟ್ರು ಕೇಳಿದರು. "ಬೇಡ ಸರ್. ಇದು ಅಮ್ಮನಿಗೆ," ಎಂದಳು.

ಉದ್ಘಾಟನೆಗೆ ಬಂದ ಅತಿಥಿಗಳು ಆ ತೂತಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಶೂನ್ಯ, ಅಸ್ತಿತ್ವ, ಇನ್ನೂ ಏನೇನೋ. ಕಾಲೇಜು ಹುಡುಗಿಯರು ಅದರ ಎದುರು ಸೆಲ್ಫಿ ತೆಗೆದುಕೊಂಡರು. ಮಾವ ಮುಂದಿನ ಸಾಲಿನಲ್ಲಿ, ಚಾವಡಿಯ ಕಂಬದ ಪಕ್ಕ ಕೂತು, ಬಿಸ್ಕಿಟ್ ತಿನ್ನುತ್ತಾ ಎಲ್ಲ ಕೇಳಿದರು.

"ಅವರು ಹೇಳಿದ್ದು ನಿಂಗೆ ಅರ್ಥ ಆಯ್ತಾ?" ಎಂದು ಬಸ್ಸಿನಲ್ಲಿ ಕೇಳಿದರು.

"ಅರ್ಧ," ಎಂದೆ.

"ನಂಗೂ," ಎಂದರು.

ನಾವು ಗೃಹಿಣಿಯರೂ ಮಾವನ ಹಾಗೆಯೇ. ಹರಿದದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಮಗಳ ಮುಖ ಸಣ್ಣಗಾದರೆ, ನಾದಿನಿ ಮಾತು ಬಿಟ್ಟರೆ, ಪಕ್ಕದ ಮನೆಯಾಕೆ ಒಂಟಿಯಾಗಿ ಕೂತರೆ, ಸೂಜಿ ಹಿಡಿದು ಓಡುತ್ತೇವೆ. ಇದು ಹೇಗಾಯಿತು ಎಂದು ಕೇಳುವ ಮೊದಲೇ ಅಂಚು ಕತ್ತರಿಸಿಬಿಡುತ್ತೇವೆ. ಆ ಅಮ್ಮನೂ ತನಗೆ ತಿಳಿದಂತೆ ಒಂದು ತೂತು ಮುಚ್ಚಿದವರೇ ಇರಬೇಕು. ಮಗಳ ಕೈ ನೋಡಿದಾಗಲೆಲ್ಲ ಅವರಿಗೆ ಯಾರು ಕಾಣುತ್ತಿದ್ದರೋ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ತಡವಾಯಿತು ಎಂದು ದೇವರಲ್ಲಿ ಹೇಳಿಕೊಂಡು ಹಚ್ಚಿದೆ. ಆಮೇಲೆ ನಾಳೆಯ ದೋಸೆಗೆ ಅಕ್ಕಿ ತೊಳೆಯಲು ಕೂತೆ. ಒಂದು ನೀರು, ಎರಡು ನೀರು. ಮೂರನೆಯದರಲ್ಲಿ ಕೈ ನಿಂತಿತು. ನನ್ನ ಅಪ್ಪ ಯಾವ ಕೈಯಲ್ಲಿ ಕತ್ತಿ ಹಿಡಿಯುತ್ತಿದ್ದರು? ಇಪ್ಪತ್ತೆರಡು ವರ್ಷ ಅವರ ಜೊತೆ ಒಂದೇ ಮನೆಯಲ್ಲಿ ಇದ್ದವಳು ನಾನು. ನೆನಪಾಗಲಿಲ್ಲ. ಅಕ್ಕಿ ನೆನೆಹಾಕಿ, ಉದ್ದಿನ ಡಬ್ಬಿ ತೆರೆದೆ.

ನಿಮ್ಮ ಅಪ್ಪ ಯಾವ ಕೈಯವರು?