ಮನೆಯ ಹಿಂದೆ ನಿಂತ ಗೂಡ್ಸ್ ಗಾಡಿ

ರೈಲ್ವೆಯಲ್ಲಿ ಕೆಲಸ ಎಂದರೆ ನಮ್ಮ ನೆಂಟರೆಲ್ಲ ಮೊದಲು ಕೇಳುವುದು ಟಿಕೆಟ್ ಕನ್ಫರ್ಮ್ ಮಾಡಿಸಿಕೊಡಲು ಆಗುತ್ತದೆಯೇ ಎಂದು. ನಾನು ಗೂಡ್ಸ್ ಗಾಡಿಯ ಗಾರ್ಡ್. ನನ್ನ ಗಾಡಿಯಲ್ಲಿ ಪ್ರಯಾಣ ಮಾಡುವುದು ಕಲ್ಲಿದ್ದಲು, ಸಿಮೆಂಟು, ಉಪ್ಪು, ಗೊಬ್ಬರ. ಅವುಗಳಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಬೇಗ ಹೋಗಬೇಕೆಂಬ ಆತುರವೂ ಇಲ್ಲ. ಎಂಜಿನ್ನಿನಲ್ಲಿ ಪೈಲಟ್ ಮತ್ತು ಅವನ ಸಹಾಯಕ, ನಡುವೆ ಕಣ್ಣು ಹಾಯುವಷ್ಟು ದೂರ ವ್ಯಾಗನ್ನುಗಳು, ಕಟ್ಟಕಡೆಯ ಡಬ್ಬಿಯಲ್ಲಿ ನಾನೊಬ್ಬಳೇ. ಪ್ಯಾಸೆಂಜರ್ ಬಂದರೂ ನಾವು ಪಕ್ಕಕ್ಕೆ, ಎಕ್ಸ್‌ಪ್ರೆಸ್ ಬಂದರೂ ಪಕ್ಕಕ್ಕೆ. ಮನೆಯಲ್ಲಿ ನಾನು ಯಾವಾಗಲೂ ಗೊಣಗುತ್ತಿದ್ದೆ, ಗೂಡ್ಸ್ ಒಮ್ಮೆ ನಿಂತರೆ ಅವತ್ತಿನ ಕಥೆ ಮುಗಿದಂತೆ ಎಂದು.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹಿಂತಿರುಗಿದಾಗ ನನ್ನ ಮಗಳು ಎದೆಹಾಲು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಬಾಟಲಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಅವಳನ್ನು ನೋಡಿಕೊಳ್ಳಲು ಉಡುಪಿಯಿಂದ ವಡೋದರಕ್ಕೆ ಬಂದ ಅಮ್ಮ, ನನಗೆ ಕುಡಿಸಿದ ಬೆಳ್ಳಿಯ ಒಳಲೆಯನ್ನೇ ಹೊತ್ತು ತಂದಿದ್ದಳು. ಮೂತಿಯಿರುವ ಆ ಪುಟ್ಟ ಬಟ್ಟಲಿನಿಂದ ಎಷ್ಟು ಉಪಾಯದಿಂದ ಹನಿಸಿದರೂ ಹಾಲು ತುಟಿಯಂಚಿನಿಂದ ಕತ್ತಿನ ಮಡಿಕೆಗೆ ಇಳಿಯುತ್ತಿತ್ತು. ನಾನು ಬರುವವರೆಗೆ ಅಳುತ್ತ, ಅತ್ತು ಸುಸ್ತಾಗಿ ಮಲಗುತ್ತ ಕಾಯುತ್ತಿದ್ದಳು.

ನನ್ನ ಗಂಡನದು ವಡೋದರದ ಮಂಜಲ್‌ಪುರದಲ್ಲಿ ಅವರ ಅಪ್ಪ ಶುರು ಮಾಡಿದ ಉಡುಪಿ ಹೋಟೆಲು. "ಕಷ್ಟ ಆದ್ರೆ ಬಿಟ್ಟುಬಿಡು ಮಾರಾಯ್ತಿ, ಗಲ್ಲಾದಲ್ಲಿ ಕೂತ್ರಾಯ್ತು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೂ ನನಗೆ ಮೈಯೆಲ್ಲ ಉರಿಯಿತು. ಹಗಲೂ ರಾತ್ರಿ ಓದಿ, ಪರೀಕ್ಷೆ ಪಾಸು ಮಾಡಿ ಪಡೆದ ಕೆಲಸ ಅದು. ಕಚೇರಿಯಲ್ಲಿ ಕೂರುವ ಡ್ಯೂಟಿ ಕೊಡಿ ಎಂದು ಮೇಲಧಿಕಾರಿಗಳನ್ನು ಕೇಳಿದ್ದೆ. ಜನ ಕಡಿಮೆ, ನೋಡೋಣ ಎಂದಿದ್ದರು. ತಿಂಗಳ ಕೊನೆಗೆ ಅಮ್ಮ ಊರಿಗೆ ಹೊರಡಬೇಕಿತ್ತು. ಆಮೇಲೆ ಮಗುವನ್ನು ನೋಡಿಕೊಳ್ಳಲು ಪಕ್ಕದ ಮನೆಯ ಗುಜರಾತಿ ಅಜ್ಜಿ ಒಪ್ಪಿದ್ದರು, ಆದರೆ ಒಳಲೆಯಲ್ಲಿ ಕುಡಿಯದ ಕೂಸನ್ನು ಅವರಾದರೂ ಹೇಗೆ ನೋಡಿಕೊಂಡಾರು? ಅಷ್ಟರೊಳಗೆ ಅವಳು ಕಲಿಯಬೇಕು, ಇಲ್ಲವೇ ನಾನು ಕೆಲಸ ಬಿಡಬೇಕು. ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಅವತ್ತು ಸೂರತ್ತಿನಿಂದ ಕಲ್ಲಿದ್ದಲಿನ ಗಾಡಿ ತರುತ್ತಿದ್ದೆ. ಮಂಜಲ್‌ಪುರದ ಬಳಿ ಕೆಂಪು ಸಿಗ್ನಲ್ ಸಿಕ್ಕಿ ಗಾಡಿ ನಿಂತಿತು. ನಿಂತದ್ದಾದರೂ ಎಲ್ಲಿ? ನನ್ನ ಡಬ್ಬಿ ಸರಿಯಾಗಿ ನಮ್ಮ ಮನೆಯ ಹಿಂದೆ. ಬಟ್ಟೆ ಒಣಹಾಕಲು ತಾರಸಿಗೆ ಬಂದಿದ್ದ ಅಮ್ಮನ ಸೊಂಟದ ಮೇಲೆ ಮಗು. ಅದರ ಅಳು ನನಗೆ ಅಲ್ಲಿಗೇ ಕೇಳಿಸಿತು. ಹಾಲು ತುಂಬಿ ಎದೆ ಬಿಗಿದು ಕಲ್ಲಾಗಿತ್ತು. ಆ ಅಳು ಕಿವಿಗೆ ಬಿದ್ದದ್ದೇ ತಡ, ಸಮವಸ್ತ್ರ ಒದ್ದೆಯಾಯಿತು.

ಅಮ್ಮ ನನ್ನನ್ನು ನೋಡಿದಳು, ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಕಾಣೆಯಾದಳು. ಸ್ವಲ್ಪ ಹೊತ್ತಿಗೆ ಹಳಿಯ ಪಕ್ಕದ ಗೋಡೆ ಕುಸಿದಿರುವ ಕಡೆ ಮಗುವಿನೊಂದಿಗೆ ಪ್ರತ್ಯಕ್ಷಳಾದಳು. ಮೂರು ಮಹಡಿ ಇಳಿದು ಓಡಿ ಬಂದ ಏದುಸಿರಿನಲ್ಲೇ ಕೂಗಿದಳು:

"ಇಳಿದು ಬಾ ಮಗಾ, ಒಮ್ಮೆ ಕುಡಿಸಿ ಹೋಗು! ಬೆಳಿಗ್ಗೆಯಿಂದ ಒಂದು ಹನಿ ಕುಡೀಲಿಲ್ಲ ಇದು!"

"ಇಳೀಲಿಕ್ಕೆ ಇಲ್ಲ ಅಮ್ಮ! ಗಾಡಿ ಬಿಟ್ಟು ಬರ್ಲಿಕ್ಕೆ ಇಲ್ಲ!"

"ನಿಂತ್ರೆ ಇವತ್ತು ಹೋಗ್ಲಿಕ್ಕಿಲ್ಲ ಅಂತ ನೀನೇ ಹೇಳುದಲ್ವಾ? ಹಾಗಾದ್ರೆ ನಾನೇ ತರ್ತೇನೆ!"

ನಮ್ಮಿಬ್ಬರ ನಡುವೆ ಇನ್ನೊಂದು ಹಳಿಯಿತ್ತು. ಅಮ್ಮ ಗೋಡೆಯ ಕಲ್ಲಿನ ಮೇಲೆ ಕಾಲಿಟ್ಟೇಬಿಟ್ಟಳು. ಬೇಡ, ಬೇಡ ಎಂದು ಗಂಟಲು ಹರಿಯುವಂತೆ ಕಿರುಚಿದೆ. ಅವಳು ಬೆಚ್ಚಿ ಹಿಂದೆ ಸರಿದಳು, ಅದೇ ಹಳಿಯ ಮೇಲೆ ಎಕ್ಸ್‌ಪ್ರೆಸ್ ಅಬ್ಬರಿಸಿಕೊಂಡು ಬಂತು. ದಾಟಿದ ಮೇಲೆ ನೋಡಿದರೆ ಇಬ್ಬರೂ ಅಲ್ಲೇ ಇದ್ದರು. ಮಗು ಅತ್ತೂ ಅತ್ತೂ ಕೆಂಪಾಗಿ ನನ್ನ ಕಡೆ ಎರಡೂ ಕೈ ಚಾಚಿತ್ತು.

ಇಳಿದುಬಿಡುತ್ತೇನೆ, ಏನಾದರಾಗಲಿ ಎಂದುಕೊಂಡು ಮೆಟ್ಟಿಲ ಸರಳು ಹಿಡಿದೆ. ಆಗಲೇ ವಾಕಿಟಾಕಿಯಲ್ಲಿ ಪೈಲಟ್ಟನ ದನಿ: "ಮೇಡಂ, ಸಿಗ್ನಲ್ ಮಿಲ್ ಗಯಾ."

ತಾಸುಗಟ್ಟಲೆ ಬಿಸಿಲಲ್ಲಿ ಬೇಯಿಸುವ ಸಿಗ್ನಲ್ಲಿಗೆ ಅವತ್ತೇ ಅವಸರ ಹತ್ತಿತ್ತು. ನಿಂತ ಗಾಡಿ ಹೊರಡಬೇಕಾದರೆ, ಎಲ್ಲ ಸರಿಯಿದೆ ಎಂದು ಗಾರ್ಡ್ ಹಸಿರು ಬಾವುಟ ತೋರಿಸಬೇಕು. ತೋರಿಸಿದೆ. ಎಲ್ಲ ಸರಿಯಿದೆ ಎಂದು ನಾನೇ ತೋರಿಸಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಊರಿನಲ್ಲಿ ನನ್ನ ಅಜ್ಜಿ ಹೇಳುತ್ತಿದ್ದಾಗ ಅದೊಂದು ಗಾದೆ ಮಾತ್ರ ಆಗಿತ್ತು.

ವಡೋದರದಲ್ಲಿ ಇಳಿದು ಮನೆಗೆ ಓಡೋಣವೆಂದರೆ ನನ್ನ ಬದಲಿಗೆ ಬರಬೇಕಾದ ಗಾರ್ಡ್ ಬಂದಿರಲಿಲ್ಲ. ಅಹಮದಾಬಾದಿನವರೆಗೆ ನೀವೇ ಹೋಗಿ ಎಂದರು ಸ್ಟೇಷನ್ನಿನವರು. ಮಗುವಿನ ವಿಷಯ ಹೇಳಿದೆ. ಪಾಪ, ಅವರಿಗೂ ಬೇಜಾರಾಯಿತು, ಆದರೆ ಗಾಡಿಗೆ ಗಾರ್ಡ್ ಬೇಕಲ್ಲ. ಅಹಮದಾಬಾದಿಗೆ ಸ್ವಲ್ಪ ಮುಂಚೆ, ಮಣಿನಗರದ ಹತ್ತಿರ ಮತ್ತೆ ಗಾಡಿ ನಿಂತಿತು. ಅಲ್ಲಿ ಮಾತ್ರ ಯಾವ ಸಿಗ್ನಲ್ಲಿಗೂ ಅವಸರವಿರಲಿಲ್ಲ. ಡಬ್ಬಿಯ ಮೂಲೆಯಲ್ಲಿ ಕೂತು ಎದೆಹಾಲನ್ನು ಕರವಸ್ತ್ರಕ್ಕೆ ಹಿಂಡಿದೆ, ಬಿಕ್ಕಿ ಬಿಕ್ಕಿ ಅತ್ತೆ.

ಮನೆ ಸೇರಿದ್ದು ಮರುದಿನ ಸಂಜೆ. ಬಾಗಿಲು ತೆಗೆದ ಅಮ್ಮನ ಮುಖ ಅರಳಿತ್ತು.

"ಕುಡೀತು ಮಗಾ! ನಿನ್ನೆ ಅತ್ತು ಅತ್ತು, ಮತ್ತೆ ತಾನಾಗೇ ಬಾಯಿ ತೆಗೀತು. ಈಗ ಒಳಲೆ ಕಂಡ್ರೆ ಕುಣಿತದೆ. ಇನ್ನು ನಿನ್ನ ಕೆಲಸಕ್ಕೆ ತೊಂದರೆ ಇಲ್ಲ."

ಗಂಡ ಹೋಟೆಲಿನಿಂದ ಕೇಸರಿಬಾತ್ ಕಟ್ಟಿಸಿ ತಂದಿದ್ದರು. ನಾನು ಮೈಯ ಮಸಿಯನ್ನೆಲ್ಲ ತಿಕ್ಕಿ ತೊಳೆದು ಬಂದು ಮಗಳನ್ನು ಎದೆಗೆ ಹಚ್ಚಿಕೊಂಡೆ. ಒಂದೆರಡು ಗುಟುಕು ಚೀಪಿ, ಬಿಟ್ಟು, ಕತ್ತು ತಿರುಗಿಸಿ ಅಮ್ಮನ ಕಡೆ ಜಿಗಿದಳು. ಅಮ್ಮನ ತೊಡೆಯ ಮೇಲೆ ಮಲಗಿ, ಒಳಲೆಯ ಮೂತಿಗೆ ಬಾಯಿಟ್ಟು ಗಟಗಟ ಕುಡಿದಳು.

ನಾನು ಬೇಡಿಕೊಂಡದ್ದೇ ಆಗಿತ್ತು. ಯಾರ ಮೇಲೆ ಸಿಟ್ಟು ಮಾಡಲಿ? ಆದರೂ ಹೊಟ್ಟೆಕಿಚ್ಚಿನಿಂದ ಕಣ್ಣು ಮಂಜಾಯಿತು, ಆಗಷ್ಟೇ ತೊಟ್ಟಿದ್ದ ಒಗೆದ ರವಿಕೆ ಮತ್ತೆ ಒದ್ದೆಯಾಯಿತು. ಒಳಲೆ ಬರಿದಾಗಿ ಮಗು ಇನ್ನೂ ಬೇಕೆಂದು ರಾಗ ತೆಗೆಯಿತು. ಅಮ್ಮ ಏಳಲು ಹೊರಟಳು. ಬೇಡ, ಕೂತಿರು ಎಂದು ನಾನೇ ಒಳಲೆ ಇಸಿದುಕೊಂಡು ಅಡುಗೆಮನೆಗೆ ಹೋಗಿ, ಪಾತ್ರೆಯಲ್ಲಿದ್ದ ಹಾಲನ್ನು ಬೆಚ್ಚಗೆ ಮಾಡಿ ತುಂಬಿಸಿಕೊಂಡು ಬಂದೆ.